ಐದನೇ ನಂಬರಿಗೂ ಹದಿನಾಲ್ಕನೇ ನಂಬರಿಗೂ ಎಷ್ಟು ಫರಕ್? ಕ್ವಾಂಟ್ ಕೋರ್ಸುಗಳ ರ‍್ಯಾಂಕಿಂಗ್ ಓದುವ ಬಗೆ

ಹೋದ ತಿಂಗಳು ಸಿರುಗುಪ್ಪದಿಂದ ಒಬ್ಬರು ಬಳ್ಳಾರಿಯ ನಮ್ಮ ಮನೆಗೆ ಬಂದಿದ್ದರು. ಭತ್ತ ಬೆಳೆಯುವವರು. ಅವರ ಮಗ ಪಿಯುಸಿಯಲ್ಲಿ ನನ್ನ ಹತ್ತಿರ ಗಣಿತ ಕಲಿತವನು, ಈಗ ಇಂಜಿನಿಯರಿಂಗ್ ಮುಗಿಸಿದ್ದಾನೆ. ಅಮೆರಿಕದಲ್ಲಿ ಎರಡು ಕಡೆ ಕ್ವಾಂಟಿಟೇಟಿವ್ ಫೈನಾನ್ಸ್ (ಗಣಿತದಿಂದ ಹಣಕಾಸಿನ ಲೆಕ್ಕ ಹಾಕುವ ವಿಷಯ, ಚಿಕ್ಕದಾಗಿ ಕ್ವಾಂಟ್) ಮಾಸ್ಟರ್ಸ್‌ಗೆ ಸೀಟು ಸಿಕ್ಕಿದೆ. ಒಂದು ಕೋರ್ಸು ಪಟ್ಟಿಯಲ್ಲಿ 5ನೇ ಸ್ಥಾನದಲ್ಲಿದೆ, ಇನ್ನೊಂದು 14ನೇ ಸ್ಥಾನದಲ್ಲಿ. ಐದನೆಯದರ ಫೀಸು ಜಾಸ್ತಿ. ಎಷ್ಟು ಜಾಸ್ತಿ ಅಂದರೆ, ಅದಕ್ಕೆ ಸೇರಿಸಬೇಕಾದರೆ ಕಾಲುವೆ ನೀರು ಹರಿಯುವ ಎರಡು ಎಕರೆ ಗದ್ದೆಯನ್ನು ಅಡ ಇಡಬೇಕು. ಅವರು ಫೋನನ್ನು ನನ್ನ ಕೈಗೆ ಕೊಟ್ಟು ಪಟ್ಟಿ ತೋರಿಸಿದರು. "ಸರ್, ಐದನೇ ನಂಬರಿಗೂ ಹದಿನಾಲ್ಕನೇ ನಂಬರಿಗೂ ಎಷ್ಟು ಫರಕ್ ಐತಿ? ಎರಡು ಎಕರೆದಷ್ಟು ಐತೇನ್ರಿ?" ಅಂದರು.

ಅವತ್ತು ನಾನು ತಕ್ಷಣ ಉತ್ತರ ಕೊಡಲಿಲ್ಲ. ಆಮೇಲೆ ಕೂತು ಆ ಪಟ್ಟಿಗಳು ಹೇಗೆ ತಯಾರಾಗುತ್ತವೆ ಅಂತ ಓದಿದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಇನ್ನೂ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆ ಇರಬಹುದು. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಕ್ವಾಂಟ್ ಅಂದರೆ ಯಾರು?

ಮೆಣಸಿನಕಾಯಿ ಬೆಳೆಯುವ ಒಬ್ಬ ರೈತನನ್ನು ನೆನೆಸಿಕೊಳ್ಳಿ. ಗಿಡ ಇನ್ನೂ ಹೊಲದಲ್ಲಿದೆ. ಒಬ್ಬ ವ್ಯಾಪಾರಿ ಬಂದು ಹೇಳುತ್ತಾನೆ: "ಕ್ವಿಂಟಲ್‌ಗೆ 500 ರೂಪಾಯಿಯಂತೆ ಈಗ ನನಗೆ ಕೊಡ್ರಿ. ಫೆಬ್ರವರಿಯಲ್ಲಿ ರೇಟು ಎಷ್ಟೇ ಬೀಳಲಿ, 15,000ಕ್ಕೆ ನಾನೇ ತಗೊಳ್ತೀನಿ. ರೇಟು ಏರಿದರೆ ನೀವು ಬೇರೆ ಕಡೆ ಮಾರಿಕೊಳ್ರಿ, ನನ್ನ ತಕರಾರಿಲ್ಲ." ಇಲ್ಲಿ ಆ 500 ರೂಪಾಯಿ ನ್ಯಾಯವಾದ ಬೆಲೆಯೋ, ಜಾಸ್ತಿಯೋ, ಕಡಿಮೆಯೋ? ಫೆಬ್ರವರಿಯ ರೇಟು ಇವತ್ತು ಯಾರಿಗೂ ಗೊತ್ತಿಲ್ಲ. ಆದರೂ ಇವತ್ತೇ ಒಂದು ಬೆಲೆ ಕಟ್ಟಬೇಕು. ಇಂಥ ಒಪ್ಪಂದಕ್ಕೆ ಮಾರುಕಟ್ಟೆಯವರು ಆಪ್ಷನ್ ಅನ್ನುತ್ತಾರೆ. ಅದರ ಬೆಲೆಯನ್ನು ಗಣಿತದಿಂದ ಹಿಡಿಯುವ ದಾರಿಯನ್ನು 1973ರಲ್ಲಿ ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ತೋರಿಸಿದರು, ರಾಬರ್ಟ್ ಮರ್ಟನ್ ಅದನ್ನು ಬೆಳೆಸಿದರು. 1997ರಲ್ಲಿ ಶೋಲ್ಸ್ ಮತ್ತು ಮರ್ಟನ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಬ್ಲ್ಯಾಕ್ ಅಷ್ಟರಲ್ಲಿ ತೀರಿಕೊಂಡಿದ್ದರು.

ಬ್ಯಾಂಕು, ಹೂಡಿಕೆ ಕಂಪನಿಗಳಲ್ಲಿ ಇಂಥ ಲೆಕ್ಕ ಹಾಕುವವರನ್ನು, ಅಪಾಯ ಎಷ್ಟಿದೆ ಅಂತ ಅಳೆಯುವವರನ್ನು, ಕಂಪ್ಯೂಟರ್ ಮೂಲಕ ಷೇರು ಕೊಂಡು ಮಾರುವ ಪ್ರೋಗ್ರಾಂ ಬರೆಯುವವರನ್ನು ಕ್ವಾಂಟ್ ಅನ್ನುತ್ತಾರೆ. ಇದನ್ನು ಕಲಿಸುವ ಮಾಸ್ಟರ್ಸ್ ಕೋರ್ಸುಗಳು ತುಂಬಾ ಹಳೆಯವಲ್ಲ. ಪ್ಯಾರಿಸ್‌ನಲ್ಲಿ ಗಣಿತದ ಪ್ರೊಫೆಸರ್ ನಿಕೋಲ್ ಎಲ್ ಕರೂಯಿ ಅವರ ಹೆಸರಿನಿಂದಲೇ ಗುರುತಾದ ಕೋರ್ಸು ಶುರುವಾಗಿದ್ದು 1990ರಲ್ಲಿ, ಅಮೆರಿಕದ ಕಾರ್ನೆಗಿ ಮೆಲನ್‌ನದು 1994ರಲ್ಲಿ, ಬರ್ಕ್ಲಿಯದು 2001ರಲ್ಲಿ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಈ ಕೋರ್ಸುಗಳೆಲ್ಲ ಒಂದೇ ಜಾತಿಯವಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕೂರಂಟ್ ಸಂಸ್ಥೆಯದು, ಶಿಕಾಗೊದ್ದು ಗಣಿತದ ಮನೆಯಿಂದ ಬಂದವು. ಬರ್ಕ್ಲಿಯದು ಬಿಸಿನೆಸ್ ಸ್ಕೂಲಿನಲ್ಲಿದೆ, ಒಂದು ವರ್ಷದಲ್ಲಿ ಮುಗಿಯುತ್ತದೆ. ಪ್ರಿನ್ಸ್‌ಟನ್‌ನದು ಸಾಮಾನ್ಯವಾಗಿ ಎರಡು ವರ್ಷ, ತರಗತಿಯೂ ಸಣ್ಣದು. ಭತ್ತ, ಹತ್ತಿ, ಮೆಣಸಿನಕಾಯಿ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಯಾವುದು ಒಂದನೇ ನಂಬರ್ ಅಂತ ಕೇಳಿದ ಹಾಗೆ ಆಗುತ್ತದೆ, ಅಲ್ವಾ?

ಪಟ್ಟಿ ತಯಾರಾಗುವುದು ಹೇಗೆ

ಈ ಕ್ಷೇತ್ರದಲ್ಲಿ ಹೆಚ್ಚು ಓಡಾಡುವ ಪಟ್ಟಿಗಳಲ್ಲಿ ಒಂದು ಕ್ವಾಂಟ್‌ನೆಟ್ ಅನ್ನುವ ವೆಬ್‌ಸೈಟಿನದು, ಅದು ಉತ್ತರ ಅಮೆರಿಕದ ಕೋರ್ಸುಗಳನ್ನು ಮಾತ್ರ ನೋಡುತ್ತದೆ. ಇನ್ನೊಂದು ರಿಸ್ಕ್.ನೆಟ್‌ನದು, ಅದು ಬೇರೆ ದೇಶಗಳನ್ನೂ ಸೇರಿಸಿಕೊಳ್ಳುತ್ತದೆ. ಹಾಗಾಗಿ ಮೊದಲನೆಯದರಲ್ಲಿ ಪ್ಯಾರಿಸ್, ಜೂರಿಕ್, ಆಕ್ಸ್‌ಫರ್ಡ್ ಹುಡುಕಿದರೆ ಸಿಗುವುದಿಲ್ಲ. ಅವು ಕೆಟ್ಟ ಕೋರ್ಸು ಅಂತಲ್ಲ, ಆ ಸಾಲಿಗೆ ಅವು ಸೇರಿಯೇ ಇಲ್ಲ.

ಸಾಮಾನ್ಯವಾಗಿ ಮೂರು ಸಂಗತಿ ನೋಡುತ್ತಾರೆ. ಓದಿದವರಿಗೆ ಕೆಲಸ ಸಿಕ್ಕಿತಾ, ಸಂಬಳ ಎಷ್ಟು. ಸೇರುವಾಗ ಆಯ್ಕೆ ಎಷ್ಟು ಬಿಗಿ. ಇದೇ ಕ್ಷೇತ್ರದ ಇತರರು ಈ ಕೋರ್ಸಿನ ಬಗ್ಗೆ ಏನನ್ನುತ್ತಾರೆ. ಒಂದೊಂದಕ್ಕೂ ಅಂಕ ಕೊಟ್ಟು, ಒಂದೊಂದಕ್ಕೂ ಒಂದು ತೂಕ ಇಟ್ಟು, ಕೂಡಿಸುತ್ತಾರೆ. ಅಂಕಿಗಳು ಬಹುಪಾಲು ಬರುವುದು ಆಯಾ ಕೋರ್ಸಿನವರಿಂದಲೇ. ಅಂದರೆ ಪರೀಕ್ಷೆ ಬರೆಯುವವರೇ ತಮ್ಮ ಉತ್ತರಪತ್ರಿಕೆಯ ಮೊದಲ ಎಣಿಕೆಯನ್ನೂ ಮಾಡಿ ಕಳಿಸುತ್ತಾರೆ.

ತೂಕ ಬದಲಾದರೆ ಸಾಲೇ ಬದಲು

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಎರಡು ಕೋರ್ಸು, ಅ ಮತ್ತು ಬ. ಕೆಲಸ-ಸಂಬಳದಲ್ಲಿ ಅ-ಗೆ 95, ಬ-ಗೆ 80. ಆಯ್ಕೆಯ ಬಿಗಿಯಲ್ಲಿ ಅ-ಗೆ 70, ಬ-ಗೆ 85. ಹೆಸರಿನಲ್ಲಿ ಅ-ಗೆ 60, ಬ-ಗೆ 90.

ಪಟ್ಟಿ ಮಾಡುವವರು ಕೆಲಸಕ್ಕೆ 70, ಆಯ್ಕೆಗೆ 15, ಹೆಸರಿಗೆ 15 ತೂಕ ಇಟ್ಟರೆ ಅ-ಗೆ 86 ಬರುತ್ತದೆ, ಬ-ಗೆ 82.25. ಅ ಮೊದಲು. ಅದೇ 40, 20, 40 ಅಂತ ಇಟ್ಟರೆ ಅ-ಗೆ 76, ಬ-ಗೆ 85. ಈಗ ಬ ಮೊದಲು. ಎರಡೂ ಕಡೆ ಒಬ್ಬ ಮೇಷ್ಟ್ರೂ ಬದಲಾಗಿಲ್ಲ, ಒಂದು ಪಾಠವೂ ಬದಲಾಗಿಲ್ಲ, ಒಬ್ಬ ವಿದ್ಯಾರ್ಥಿಯ ಸಂಬಳವೂ ಬದಲಾಗಿಲ್ಲ. ಯಾವುದು ಮುಖ್ಯ ಅಂತ ಪಟ್ಟಿಯವರು ಅಂದುಕೊಂಡರೋ ಅದು ಮಾತ್ರ ಬದಲಾಯಿತು. ಇದು ಮೋಸ ಅಲ್ಲ. ಆದರೆ ಅವರ ಇಷ್ಟ ನಿಮ್ಮ ಮನೆಯ ಇಷ್ಟವೇ ಆಗಿರಬೇಕು ಅಂತ ಏನೂ ಇಲ್ಲ. ಫೀಸು ಎಷ್ಟು ಅನ್ನುವುದಕ್ಕೆ ನಮ್ಮ ಸಿರುಗುಪ್ಪದ ರೈತರು ಎಲ್ಲಕ್ಕಿಂತ ಜಾಸ್ತಿ ತೂಕ ಇಡುತ್ತಾರೆ.

ಇನ್ನೊಂದು, ನಂಬರ್ ನೋಡುವಾಗ ಅದರ ಹಿಂದಿನ ಅಂಕ ನೋಡುವುದನ್ನು ಮರೆಯಬಾರದು. ಒಟ್ಟು ಅಂಕ ಕೊಡುವ ಪಟ್ಟಿಗಳಲ್ಲಿ ನಡುವಿನ ಸ್ಥಾನಗಳು ಹತ್ತಿರ ಹತ್ತಿರ ಕೂತಿರುವುದೇ ಹೆಚ್ಚು. ಓಟದಲ್ಲಿ ಒಬ್ಬ ಅರ್ಧ ಹೆಜ್ಜೆ ಮುಂದಿದ್ದರೂ ಅವನು ಮೂರನೆಯವನು, ಹಿಂದಿನವನು ನಾಲ್ಕನೆಯವನು. ನಂಬರ್ ಆ ಅರ್ಧ ಹೆಜ್ಜೆಯನ್ನು ಹೇಳುವುದಿಲ್ಲ.

ಸಂಬಳದ ಅಂಕಿ: ಚೀಲದ ಬಾಯಿ ಮಾತ್ರ ನೋಡಿದ ಹಾಗೆ

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದರೆ ಮನೆಯವರು ಮೊದಲು ನೋಡುವುದೇ ಇದನ್ನು.

ಕಾರಟಗಿಯಲ್ಲೋ ಗಂಗಾವತಿಯಲ್ಲೋ ಭತ್ತದ ಚೀಲ ಕೊಳ್ಳಲು ಬಂದವರು ಏನು ಮಾಡುತ್ತಾರೆ? ಬಾಯಿ ಬಿಚ್ಚಿ ಮೇಲಿನ ಒಂದು ಹಿಡಿ ನೋಡಿ ರೇಟು ಹೇಳುವುದಿಲ್ಲ. ಮೊನಚಾದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ ಒಳಗಿನ ಕಾಳು ತೆಗೆಯುತ್ತಾರೆ. ಅಂಗೈಯಲ್ಲಿ ಉಜ್ಜಿ ನೋಡುತ್ತಾರೆ, ತೇವ ಎಷ್ಟಿದೆ ಅಂತ ಮಷಿನ್ನಿಗೆ ಹಾಕುತ್ತಾರೆ. ಬೆಂಬಲ ಬೆಲೆಯ ಕೇಂದ್ರದಲ್ಲಾದರೆ ಶೇ 17 ದಾಟಬಾರದು. ಮೇಲೆ ಒಣಗಿದ್ದು, ಕೆಳಗೆ ಹಸಿ ಇರಬಹುದು ಅನ್ನುವುದು ಅವರಿಗೆ ಗೊತ್ತು.

ಕೋರ್ಸಿನ ಅಂಕಿಗೂ ಹಾಗೇ ಚುಚ್ಚಿ ನೋಡಬೇಕು. "ಶೇ 95 ಜನರಿಗೆ ಕೆಲಸ" ಅಂತ ಬರೆದಿದ್ದಾರೆ ಅಂದುಕೊಳ್ಳಿ. ತರಗತಿಯಲ್ಲಿ 60 ಜನ. ಹತ್ತು ಜನ ತಾವು ಕೆಲಸ ಹುಡುಕುತ್ತಿಲ್ಲ ಅಂದರು, ಅವರನ್ನು ಬಿಟ್ಟರು. ಹತ್ತು ಜನ ಉತ್ತರವನ್ನೇ ಕೊಡಲಿಲ್ಲ, ಅವರನ್ನೂ ಬಿಟ್ಟರು. ಉಳಿದ 40ರಲ್ಲಿ 38 ಜನರಿಗೆ ಕೆಲಸ ಸಿಕ್ಕಿದೆ. 40ಕ್ಕೆ 38 ಅಂದರೆ ಶೇ 95. ಸರಿಯಾದ ಲೆಕ್ಕವೇ. ಆದರೆ ಸೇರಿದವರು 60 ಜನ, ಕೆಲಸ ಸಿಕ್ಕಿದ್ದು ನಮಗೆ ಗೊತ್ತಿರುವಷ್ಟು 38, ಅಂದರೆ ಶೇ 63. ಹುಡುಕುತ್ತಿಲ್ಲ ಅಂದವರಲ್ಲಿ ಪಿಎಚ್‌ಡಿಗೆ ಹೋದವರು ನಿಜವಾಗಿಯೂ ಇರುತ್ತಾರೆ, ಅವರನ್ನು ಬಿಡುವುದು ನ್ಯಾಯವೇ. ಹುಡುಕಿ ಹುಡುಕಿ ಸೋತು ಕೈಬಿಟ್ಟವರೂ ಅದರಲ್ಲಿ ಸೇರಿರಬಹುದು. ಉತ್ತರ ಕೊಡದವರ ವಿಷಯ ಇನ್ನೂ ಸೂಕ್ಷ್ಮ. ಒಳ್ಳೆ ಸಂಬಳ ಸಿಕ್ಕವನು ಖುಷಿಯಿಂದ ಫಾರಂ ತುಂಬುತ್ತಾನೆ, ಸಿಗದವನಿಗೆ ಆ ಈಮೇಲ್ ತೆರೆಯಲೂ ಮನಸ್ಸು ಬರುವುದಿಲ್ಲ.

ಇನ್ನು ಸರಾಸರಿ. ಐದು ಜನರ ವರ್ಷದ ಸಂಬಳ, ಸಾವಿರ ಡಾಲರ್ ಲೆಕ್ಕದಲ್ಲಿ, 80, 90, 95, 100, 300 ಅಂತಿರಲಿ. ಕೂಡಿಸಿ ಐದರಿಂದ ಭಾಗಿಸಿದರೆ 133. ಆದರೆ ಐವರಲ್ಲಿ ನಾಲ್ವರಿಗೆ 133 ಸಿಕ್ಕೇ ಇಲ್ಲ! ಸಾಲಾಗಿ ನಿಲ್ಲಿಸಿ ನಟ್ಟನಡುವಿನವನನ್ನು ಕೇಳಿದರೆ 95 ಅನ್ನುತ್ತಾನೆ. ಈ ನಡುವಿನ ಅಂಕಿಗೆ ಮಧ್ಯಾಂಕ ಅಂತ ಹೆಸರು, ನಮ್ಮ ಎಸ್ಸೆಸ್ಸೆಲ್ಸಿ ಪುಸ್ತಕದಲ್ಲೇ ಇದೆ. ಕ್ವಾಂಟ್ ಕ್ಷೇತ್ರದಲ್ಲಿ ಒಬ್ಬಿಬ್ಬರಿಗೆ ಭಾರಿ ಸಂಬಳ ಸಿಗುವುದು ಸಾಮಾನ್ಯ. ಹಾಗಾಗಿ ಇಲ್ಲಿ ಸರಾಸರಿಗಿಂತ ಮಧ್ಯಾಂಕವೇ ಭರವಸೆಯದು. ಜೊತೆಗೆ, ಮೊದಲ ದಿನ ಒಂದೇ ಸಲ ಕೊಡುವ ಬೋನಸ್ ಕೂಡಿಸಿದ್ದಾರೋ ಇಲ್ಲವೋ ಅಂತಲೂ ಕೇಳಬೇಕು. ನ್ಯೂಯಾರ್ಕ್‌ನ ಸಂಬಳದಲ್ಲಿ ಎಷ್ಟು ಪಾಲು ನ್ಯೂಯಾರ್ಕ್‌ನ ಬಾಡಿಗೆಗೇ ಹೋಗುತ್ತದೆ ಅನ್ನುವುದಂತೂ ಯಾವ ನಂಬರಿನಲ್ಲೂ ಕಾಣುವುದಿಲ್ಲ.

ಸಣ್ಣ ತರಗತಿಯ ಏರಿಳಿತ

30 ಜನರ ತರಗತಿಯಲ್ಲಿ 29 ಜನರಿಗೆ ಕೆಲಸ ಸಿಕ್ಕರೆ ಶೇ 96.7. 28 ಆದರೆ ಶೇ 93.3. ಒಬ್ಬ ಹುಡುಗನ ಇಂಟರ್ವ್ಯೂ ಒಂದು ವಾರ ಮುಂದೆ ಹೋದರೂ ಮೂರು ಅಂಕ ಹೋಯಿತು. ಒಂದು ಕೋರ್ಸು ಒಂದೇ ವರ್ಷದಲ್ಲಿ ನಾಲ್ಕು ಸ್ಥಾನ ಏರಿತು, ಇಳಿಯಿತು ಅನ್ನುವ ಸುದ್ದಿಯ ಹಿಂದೆ ಇಷ್ಟೇ ಇರಬಹುದು. ಅದಕ್ಕೆ ಒಂದು ವರ್ಷದ ಪಟ್ಟಿ ಬಿಟ್ಟು ನಾಲ್ಕೈದು ವರ್ಷದ್ದನ್ನು ಪಕ್ಕ ಪಕ್ಕ ಇಟ್ಟು ನೋಡಿ.

ಹೆಸರಿದ್ದವರಿಗೇ ಹೆಸರು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರನ್ನು ಕೇಳಿ. ಅದೇ ಬಟ್ಟೆ, ಅದೇ ದಾರ, ಅದೇ ಕೈ. ದೊಡ್ಡ ಲೇಬಲ್ ಹಚ್ಚಿದರೆ ಒಂದು ಬೆಲೆ, ಹಚ್ಚದಿದ್ದರೆ ಇನ್ನೊಂದು.

"ಇತರರ ಅಭಿಪ್ರಾಯ" ಅನ್ನುವ ಅಂಕದಲ್ಲಿ ನಡೆಯುವುದೂ ಇದೇ. ಒಂದು ಕೋರ್ಸಿನ ಮುಖ್ಯಸ್ಥರಿಗೆ ಮತ್ತೊಂದು ಊರಿನ ಕೋರ್ಸಿನ ತರಗತಿಯಲ್ಲಿ ಏನು ಪಾಠ ನಡೆಯುತ್ತದೆ ಅಂತ ಹೇಗೆ ಗೊತ್ತಾಗಬೇಕು? ಅವರು ವಿಶ್ವವಿದ್ಯಾಲಯದ ಹೆಸರು ನೋಡುತ್ತಾರೆ, ಹೋದ ವರ್ಷದ ಪಟ್ಟಿಯನ್ನೂ ನೋಡಿರುತ್ತಾರೆ. ಹೋದ ವರ್ಷ ಮೇಲಿದ್ದದ್ದು ಈ ವರ್ಷವೂ ಒಳ್ಳೆಯದು ಅನ್ನಿಸಿಕೊಳ್ಳುತ್ತದೆ. ಮೇಲಿದ್ದದ್ದಕ್ಕೆ ಒಳ್ಳೆ ವಿದ್ಯಾರ್ಥಿಗಳು ಅರ್ಜಿ ಹಾಕುತ್ತಾರೆ, ಕಂಪನಿಗಳೂ ಅಲ್ಲಿಗೇ ಬರುತ್ತವೆ. ಹೊಸ ಕೋರ್ಸು, ಹೆಸರಿಲ್ಲದ ಊರಿನ ಕೋರ್ಸು ಈ ಸುತ್ತಿನೊಳಗೆ ಕಾಲಿಡುವುದೇ ಕಷ್ಟ.

ಕಷ್ಟ ನಿಜ, ಆದರೆ ಆಗದ ಮಾತಲ್ಲ. ಬರೂಕ್ ಕಾಲೇಜು ನ್ಯೂಯಾರ್ಕ್ ನಗರದ ಸರ್ಕಾರಿ ವಿಶ್ವವಿದ್ಯಾಲಯದ ಭಾಗ. ಜಗತ್ತಿನ ವಿಶ್ವವಿದ್ಯಾಲಯಗಳ ಪಟ್ಟಿ ತೆಗೆದರೆ ಅದರ ಹೆಸರು ಮೇಲಿನ ಸಾಲಿನಲ್ಲಿ ಎಲ್ಲೂ ಇರುವುದಿಲ್ಲ. ಫೀಸೂ ಹೆಸರಾಂತ ಖಾಸಗಿ ಕಡೆಗಳಿಗಿಂತ ಬಹಳ ಕಡಿಮೆ. ಆದರೂ ಅದರ ಕ್ವಾಂಟ್ ಕೋರ್ಸು ಇತ್ತೀಚಿನ ವರ್ಷಗಳಲ್ಲಿ ಕ್ವಾಂಟ್‌ನೆಟ್ ಪಟ್ಟಿಯಲ್ಲಿ ಪ್ರಿನ್ಸ್‌ಟನ್ ಜೊತೆ ತುದಿಯಲ್ಲೇ ಇದೆ. ತರಗತಿ ಸಣ್ಣದು, ಆಯ್ಕೆ ಬಹಳ ಬಿಗಿ, ಕಾಲೇಜು ಇರುವುದು ಮ್ಯಾನ್‌ಹಟನ್‌ನಲ್ಲೇ, ದೊಡ್ಡ ಬ್ಯಾಂಕುಗಳ ವಾಲ್ ಸ್ಟ್ರೀಟ್ ಕೈಗೆಟುಕುವಷ್ಟು ಹತ್ತಿರ. ಈ ಒಂದೇ ಉದಾಹರಣೆಯಲ್ಲಿ ಎರಡು ಪಾಠ ಇವೆ. ವಿಶ್ವವಿದ್ಯಾಲಯದ ರ‍್ಯಾಂಕ್ ಬೇರೆ, ಕೋರ್ಸಿನ ರ‍್ಯಾಂಕ್ ಬೇರೆ. ಮತ್ತೆ, ಕೆಲಸದ ಅಂಕಿಯಲ್ಲಿ ಪಾಠದ ಜೊತೆ ಊರಿನ ಪಾಲೂ ಸೇರಿರುತ್ತದೆ.

ಬೆಳೆ ಚೆನ್ನಾಗಿ ಬಂದದ್ದು ಬೀಜದಿಂದಲೋ ಮಣ್ಣಿನಿಂದಲೋ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಇದು ನಮ್ಮ ಭಾಗದವರಿಗೆ ಬೇಗ ಅರ್ಥ ಆಗುತ್ತದೆ.

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಟಿವಿಯಲ್ಲಿ ಜಿಲ್ಲೆಗಳ ಪಟ್ಟಿ ಬರುತ್ತದೆ. 2024ರಲ್ಲಿ ಉಡುಪಿ ಮೊದಲು, ಶೇ 94. ಯಾದಗಿರಿ ಕೊನೆ, ಶೇ 50ರ ಆಸುಪಾಸು. ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಬಹುತೇಕ ಕೆಳಗಿನ ಅರ್ಧದಲ್ಲೇ ಇರುತ್ತವೆ. ಆ ಪಟ್ಟಿ ಸುಳ್ಳಲ್ಲ. ಆದರೆ ಅದು ಏನನ್ನು ಅಳೆಯಿತು? ರಾಯಚೂರಿನ ಯಾವುದೋ ಹಳ್ಳಿಯಲ್ಲಿ ಅಪ್ಪ ಅಮ್ಮ ದುಡಿಯಲು ಬೆಂಗಳೂರಿಗೆ ಹೋಗಿ, ಅಜ್ಜಿಯ ಹತ್ತಿರ ಉಳಿದ ಹುಡುಗಿಯನ್ನು 35ರಿಂದ 60ಕ್ಕೆ ತಂದ ಮೇಷ್ಟ್ರ ಕೆಲಸ ಆ ಪಟ್ಟಿಯಲ್ಲಿ ಎಲ್ಲಿದೆ? ಎಲ್ಲಿಗೆ ಮುಟ್ಟಿದರು ಅನ್ನುವುದನ್ನು ಮಾತ್ರ ಪಟ್ಟಿ ಹೇಳುತ್ತದೆ, ಎಲ್ಲಿಂದ ಹೊರಟರು ಅನ್ನುವುದನ್ನು ಹೇಳುವುದಿಲ್ಲ. ಹೊರಡುವ ಜಾಗವೇ ಬೇರೆ ಅನ್ನುವ ಕಾರಣಕ್ಕೇ ಅಲ್ಲವೇ ನಮಗೆ 371ಜೆ ವಿಶೇಷ ಸ್ಥಾನಮಾನ ಬಂದಿದ್ದು?

ಕ್ವಾಂಟ್ ಕೋರ್ಸಿಗೂ ಅದೇ ಮಾತು. ಜಿಆರ್‌ಇ (ಅಮೆರಿಕದ ಮಾಸ್ಟರ್ಸ್ ಪ್ರವೇಶಕ್ಕೆ ಬರೆಯುವ ಪರೀಕ್ಷೆ) ಗಣಿತದಲ್ಲಿ 170ಕ್ಕೆ 169 ತೆಗೆದವರನ್ನೇ ಆರಿಸಿಕೊಂಡರೆ, ಅವರಿಗೆ ಪಾಠ ಸುಮಾರಾಗಿದ್ದರೂ ಕೆಲಸ ಸಿಗುತ್ತದೆ. ಆ ಕೆಲಸದ ಶ್ರೇಯಸ್ಸು ಕೋರ್ಸಿಗೆ ಎಷ್ಟು, ಹುಡುಗನಿಗೆ ಎಷ್ಟು? ಪಟ್ಟಿ ಎರಡನ್ನೂ ಬೇರ್ಪಡಿಸುವುದಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಿಗಿಯಾದ ಆಯ್ಕೆಗೇ ಪ್ರತ್ಯೇಕ ಅಂಕ ಕೊಡುತ್ತದೆ. ಅಂದರೆ ಒಳ್ಳೆ ಬೀಜ ತಂದದ್ದಕ್ಕೆ ಒಂದು ಸಲ, ಅದೇ ಬೀಜ ಬೆಳೆದದ್ದಕ್ಕೆ ಇನ್ನೊಂದು ಸಲ ಅಂಕ.

ಇದರ ಬಗ್ಗೆ ಒಂದು ಹೆಸರಾದ ಅಧ್ಯಯನ ಇದೆ. ಸ್ಟೇಸಿ ಡೇಲ್ ಮತ್ತು ಆಲನ್ ಕ್ರೂಗರ್ ಅನ್ನುವ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ್ದು. ಅದು ಅಮೆರಿಕದ ಪದವಿ ಕಾಲೇಜುಗಳ ಬಗ್ಗೆ, ಕ್ವಾಂಟ್ ಕೋರ್ಸುಗಳ ಬಗ್ಗೆ ಅಲ್ಲ. ಬಿಗಿ ಆಯ್ಕೆಯ ಕಾಲೇಜಿನಲ್ಲಿ ಸೀಟು ಸಿಕ್ಕರೂ ಬೇರೆ ಕಾಲೇಜಿಗೆ ಸೇರಿದವರನ್ನು ಅವರು ನೋಡಿದರು. ಮುಂದೆ ಇವರ ದುಡಿಮೆಗೂ ದೊಡ್ಡ ಕಾಲೇಜಿಗೇ ಸೇರಿದವರ ದುಡಿಮೆಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಬುದ್ಧಿ, ಹಂಬಲ ಇದ್ದವರು ಎಲ್ಲಿ ಓದಿದರೂ ಮುಂದೆ ಬಂದಿದ್ದರು. ಆದರೆ ಬಡ ಮನೆಯ ಮಕ್ಕಳಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭ ಆಗಿತ್ತು. ಪರಿಚಯ, ಶಿಫಾರಸು, ಬಾಗಿಲು ತೆರೆಸುವ ಹೆಸರು ಮನೆಯಿಂದ ಸಿಗದವರಿಗೆ ಅದು ಕಾಲೇಜಿನಿಂದ ಸಿಗುತ್ತದೆ ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ. ಹಾಗಾಗಿ "ರ‍್ಯಾಂಕ್ ಎಲ್ಲ ಸುಮ್ನೆ, ಎಲ್ಲಿ ಓದಿದರೂ ಒಂದೇ" ಅಂತ ನಮ್ಮ ಹುಡುಗರಿಗೆ ಹೇಳುವುದೂ ತಪ್ಪೇ.

ಅಂಕಿಯೇ ಸುಳ್ಳಾದಾಗ

ಇಲ್ಲಿಯವರೆಗೆ ಹೇಳಿದ್ದು ಎಲ್ಲರೂ ಪ್ರಾಮಾಣಿಕರಾಗಿದ್ದಾಗಲೂ ಬರುವ ಏರುಪೇರು. ಸುಳ್ಳು ಹೇಳಿದ್ದೂ ಉಂಟು. ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಫಾಕ್ಸ್ ಬಿಸಿನೆಸ್ ಸ್ಕೂಲಿನ ಆನ್‌ಲೈನ್ ಎಂಬಿಎ ವರ್ಷಗಟ್ಟಲೆ ಒಂದನೇ ನಂಬರ್ ಆಗಿತ್ತು. ಸೇರಿದ ಎಲ್ಲರೂ ಜಿಮ್ಯಾಟ್ (ಬಿಸಿನೆಸ್ ಸ್ಕೂಲಿನ ಪ್ರವೇಶ ಪರೀಕ್ಷೆ) ಅಂಕ ಕೊಟ್ಟಿದ್ದಾರೆ ಅಂತ ಅವರು ಬರೆದು ಕಳಿಸಿದ್ದರು, ನಿಜದಲ್ಲಿ ಕೊಟ್ಟಿದ್ದವರು ಸುಮಾರು ಐವರಲ್ಲಿ ಒಬ್ಬರು. ವಿಷಯ 2018ರಲ್ಲಿ ಹೊರಬಂತು. ಅಲ್ಲಿನ ಡೀನ್ ಆಗಿದ್ದ ಮೋಶೆ ಪೊರಾಟ್ ಅವರನ್ನು 2021ರಲ್ಲಿ ಕೋರ್ಟು ತಪ್ಪಿತಸ್ಥ ಅಂತ ಹೇಳಿತು, 2022ರಲ್ಲಿ 14 ತಿಂಗಳ ಜೈಲು ಶಿಕ್ಷೆ ಆಯಿತು.

ಅದೇ 2022ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತದ ಪ್ರೊಫೆಸರ್ ಮೈಕೆಲ್ ಥಡ್ಡಿಯಸ್ ತಮ್ಮದೇ ವಿಶ್ವವಿದ್ಯಾಲಯ ಕಳಿಸಿದ ಅಂಕಿಗಳನ್ನು ಪರೀಕ್ಷೆ ಮಾಡಿದರು. 20ಕ್ಕಿಂತ ಕಡಿಮೆ ವಿದ್ಯಾರ್ಥಿಗಳಿರುವ ತರಗತಿಗಳು ಶೇ 82.5 ಅಂತ ಅದು ಹೇಳಿತ್ತು. ಅವರ ಲೆಕ್ಕಕ್ಕೆ ಸಿಕ್ಕಿದ್ದು ಶೇ 63ರಿಂದ 67ರ ನಡುವೆ. ತಪ್ಪಾಗಿದೆ ಅಂತ ವಿಶ್ವವಿದ್ಯಾಲಯ ಒಪ್ಪಿಕೊಂಡಿತು. ಅಮೆರಿಕದ ಕಾಲೇಜುಗಳಿಗೆ ನಂಬರ್ ಕೊಡುವ ಯುಎಸ್ ನ್ಯೂಸ್ ಪಟ್ಟಿಯಲ್ಲಿ ಅದು 2ನೇ ಸ್ಥಾನದಿಂದ 18ಕ್ಕೆ ಬಿತ್ತು. ಇವೆರಡೂ ಕ್ವಾಂಟ್ ಕೋರ್ಸಿನ ಸಂಗತಿಗಳಲ್ಲ. ಆದರೆ ಕಾಲೇಜೇ ಅಂಕಿ ಕಳಿಸುವ ಪದ್ಧತಿ ಎರಡೂ ಕಡೆ ಒಂದೇ.

ನಮ್ಮ ಮನೆ ಬಾಗಿಲಿಗೆ ಇದು ಬರುವುದು ಹೇಗೆ

ಎಲ್ಲೋ ಅಮೆರಿಕದ ಪಟ್ಟಿ, ನಮಗೇನು ಅನ್ನುವ ಹಾಗಿಲ್ಲ. ಈಗ ಸಾಲ, ಸ್ಕಾಲರ್‌ಶಿಪ್ ಕೂಡ ರ‍್ಯಾಂಕಿನ ಬೆನ್ನು ಹತ್ತಿವೆ. ಕೇಂದ್ರ ಸಾಮಾಜಿಕ ನ್ಯಾಯ ಇಲಾಖೆಯ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ನೋಡುವುದು ಕ್ಯೂಎಸ್ ಅನ್ನುವ ಜಾಗತಿಕ ಪಟ್ಟಿಯ ಮೊದಲ 500 ವಿಶ್ವವಿದ್ಯಾಲಯಗಳನ್ನು, ಕೋರ್ಸಿನ ರ‍್ಯಾಂಕನ್ನಲ್ಲ. ದೇಶದೊಳಗೆ ಓದುವವರಿಗೆ 2024ರ ನವೆಂಬರ್‌ನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನು, ಅಡಮಾನ ಇಲ್ಲದೆ ಸಾಲ ಸಿಗುತ್ತದೆ, ಆದರೆ ಯಾವ ಕಾಲೇಜು ಅನ್ನುವುದನ್ನು ತೀರ್ಮಾನಿಸುವುದು ಕೇಂದ್ರ ಸರ್ಕಾರವೇ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕು.

ವೀಸಾ ವಿಷಯ ಬೇರೆಯೇ ಇದೆ. ಪಟ್ಟಿಯ ಕೆಲಸದ ಅಂಕಿಯಲ್ಲಿ ಅಮೆರಿಕದ ಹುಡುಗನೂ ನಮ್ಮ ಹುಡುಗನೂ ಒಂದೇ ಗುಂಪಿನಲ್ಲಿ ಇರುತ್ತಾರೆ. ಆದರೆ ಇಬ್ಬರ ದಾರಿ ಒಂದೇ ಅಲ್ಲ. ಅಲ್ಲಿ ಓದಿ ಮುಗಿಸಿದ ವಿದೇಶಿ ವಿದ್ಯಾರ್ಥಿಗೆ ಒಪಿಟಿ ಅಂತ 12 ತಿಂಗಳು ಕೆಲಸ ಮಾಡಲು ಬಿಡುತ್ತಾರೆ, ಕೋರ್ಸು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ) ವರ್ಗದಲ್ಲಿದ್ದರೆ ಇನ್ನೂ 24 ತಿಂಗಳು. ಆಮೇಲೆ ಎಚ್-1ಬಿ ಅನ್ನುವ ಕೆಲಸದ ವೀಸಾ ಬೇಕು, ಅದು ಲಾಟರಿ. ಅದರ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕದ ಆದೇಶ ಬಂತು. ಇದು ಯಾರಿಗೆ ಅನ್ವಯ, ಯಾರಿಗೆ ಇಲ್ಲ ಅನ್ನುವುದನ್ನು ಸೀಟು ಒಪ್ಪಿಕೊಳ್ಳುವ ಮೊದಲೇ ಆಯಾ ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಹುಡುಗ ಕಳಿಸಿದ ಪತ್ರ

ಕೊನೆಗೆ ನಾನು, ಹುಡುಗ, ಅವನ ಅಪ್ಪ ಮೂವರೂ ಕೂತು ಎರಡೂ ಕೋರ್ಸಿನವರಿಗೆ ಒಂದೇ ಪತ್ರ ಬರೆದೆವು. ಹೋದ ಮೂರು ವರ್ಷ ಒಟ್ಟು ಎಷ್ಟು ಜನ ಸೇರಿದರು, ಕೆಲಸದ ಲೆಕ್ಕದಲ್ಲಿ ಎಷ್ಟು ಜನರನ್ನು ಬಿಟ್ಟಿದ್ದೀರಿ, ಯಾಕೆ? ಸಂಬಳದ ಮಧ್ಯಾಂಕ ಎಷ್ಟು, ಎಷ್ಟು ಜನ ಸಂಬಳ ತಿಳಿಸಿದ್ದಾರೆ? ವಿದೇಶದಿಂದ ಬಂದವರನ್ನು ಮಾತ್ರ ತೆಗೆದುಕೊಂಡರೆ ಎಷ್ಟು ಜನರಿಗೆ ಕೆಲಸ ಸಿಕ್ಕಿದೆ? ಅದರಲ್ಲಿ ನಿಜವಾಗಿ ಕ್ವಾಂಟ್ ಕೆಲಸ ಎಷ್ಟು?

14ನೇ ಸ್ಥಾನದವರಿಂದ ನಾಲ್ಕನೇ ದಿನ ಒಂದು ಪುಟದ ಉತ್ತರ ಬಂತು, ಬಿಟ್ಟವರ ಸಂಖ್ಯೆಯೂ ಅದರಲ್ಲಿತ್ತು. 5ನೇ ಸ್ಥಾನದವರು ಮೊದಲಿನ ಕರಪತ್ರವನ್ನೇ ಮತ್ತೆ ಕಳಿಸಿದರು. ಹುಡುಗ ಅವರಿಗೆ ಇನ್ನೊಂದು ಸಲ ಬರೆದಿದ್ದಾನೆ. ಎರಡು ಪಟ್ಟಿಗಳ ಹೋದ ಐದು ವರ್ಷದ ಸ್ಥಾನಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಪಕ್ಕದಲ್ಲಿ ಎರಡೂ ಕಡೆಯ ಫೀಸು, ಬಾಡಿಗೆ, ಸಾಲದ ಕಂತು ಹಾಕಿಕೊಂಡಿದ್ದಾನೆ. ಅವರಪ್ಪ ಆ ಹಾಳೆಯನ್ನು ಮಡಚಿ ಪಹಣಿ ಇಟ್ಟಿರುವ ಪ್ಲಾಸ್ಟಿಕ್ ಚೀಲದಲ್ಲೇ ಇಟ್ಟುಕೊಂಡು ಹೋದರು. ಬ್ಯಾಂಕಿಗೆ ಹೋಗುವುದು ಮುಂದಿನ ಸೋಮವಾರ.